ಲವೀನಾಳ ಸಂದರ್ಶನಕ್ಕೆ ನಾನು ಕುಳಿತದ್ದು

ನನ್ನ ಹೆಂಡತಿ ಲವೀನಾಳಿಗೆ ಇಂಗ್ಲೆಂಡಿನ ಒಂದು ನಗರಸಭೆಯಿಂದ ಸಂದರ್ಶನಕ್ಕೆ ಕರೆ ಬಂದಾಗ, ಏರ್ಪಾಡುಗಳನ್ನೆಲ್ಲ ನನಗೆ ಬಿಟ್ಟುಬಿಡು ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಬಹ್ರೇನಿನ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಅಡ್ಮಿನ್ ನೋಡಿಕೊಂಡವನು ನಾನು. ದೇಶ ವಿದೇಶಗಳ ಮೀಟಿಂಗುಗಳನ್ನು ಜೋಡಿಸಿದ ಕೈ ಇದು. ಒಂದು ವಿಡಿಯೊ ಕಾಲ್, ಇದರಲ್ಲಿ ಕೆಡಲಿಕ್ಕೆ ಏನಿದೆ?

ಕೆಲಸವೇನೋ ಸಣ್ಣದಲ್ಲ. ಹೆತ್ತವರು ಇಲ್ಲದ, ಅಥವಾ ಇದ್ದೂ ನೋಡಿಕೊಳ್ಳಲಾಗದ ಮಕ್ಕಳನ್ನು ಅಲ್ಲಿ ನಗರಸಭೆಯೇ ಸಾಕುತ್ತದಂತೆ. ಆ ಮಕ್ಕಳನ್ನೂ, ಹದಿನೆಂಟು ತುಂಬಿ ಅಲ್ಲಿಂದ ಹೊರಬೀಳುವವರನ್ನೂ ನೋಡಿಕೊಳ್ಳುವ ಇಡೀ ವಿಭಾಗಕ್ಕೆ ಮುಖ್ಯಸ್ಥೆ ಬೇಕಿತ್ತು. ಲವೀನಾ ಮದುವೆಗೆ ಮೊದಲು ಇಂಗ್ಲೆಂಡಿನಲ್ಲಿ ಇದನ್ನೇ ಓದಿದವಳು, ಮಂಗಳೂರಿನಲ್ಲಿ ಮಕ್ಕಳ ಮನೆಯೊಂದನ್ನು ನಡೆಸಿದವಳು. ಈಗ ಇಲ್ಲಿ ಬಹ್ರೇನಿನ ಸಲ್ಮಾನಿಯಾದ ಕಡೆ ಒಂದು ಆಸ್ಪತ್ರೆಯಲ್ಲಿ ಸೋಶಿಯಲ್ ವರ್ಕರ್. ಮೊದಲ ಸುತ್ತಿನಲ್ಲಿ ಪ್ರಶ್ನೆ ಕೇಳುವವರು ಅಧಿಕಾರಿಗಳಲ್ಲ, ಹಾಗೆ ಬೆಳೆದ ಐದು ಮಂದಿ ಹುಡುಗ ಹುಡುಗಿಯರು ಎಂದು ಅವಳು ಹೇಳಿದಾಗ ನಾನು ನಕ್ಕುಬಿಟ್ಟೆ. ಮಕ್ಕಳನ್ನು ಒಪ್ಪಿಸುವುದು ಏನು ಮಹಾ!

ಸಂದರ್ಶನ ಶುಕ್ರವಾರ, ಅಲ್ಲಿಯ ಗಡಿಯಾರದಲ್ಲಿ ಹನ್ನೊಂದು ಗಂಟೆಗೆ. ಇಂಗ್ಲೆಂಡಿಗೂ ನಮಗೂ ಮೂರು ಗಂಟೆಯ ಅಂತರ ಎಂದು ನಾನು ಬೆರಳು ಮಡಚಿ ಲೆಕ್ಕ ಹಾಕಿ, ಇಲ್ಲಿಗೆ ಮಧ್ಯಾಹ್ನ ಎರಡು ಎಂದು ತೀರ್ಪು ಕೊಟ್ಟೆ. ಬೇಸಿಗೆಯಲ್ಲಿ ಆ ಜನ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಆಗ ಅಂತರ ಎರಡೇ ಗಂಟೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೆನಪಿರಲಿಲ್ಲ. ಲವೀನಾ ನನ್ನ ಮಾತು ನಂಬಿ, ಸಮಯ ಇದೆಯಲ್ಲ ಎಂದು, ಇಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆಗೆ ಚರ್ಚಿಗೆ ಹೋದಳು.

ನಾನು ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಅರಾದಿನ ನಮ್ಮ ಫ್ಲ್ಯಾಟಿನಲ್ಲಿ ವ್ಯವಸ್ಥೆಗೆ ಇಳಿದೆ. ಹಳೆಯ ಏಸಿ ಗೊರಗೊರ ಎನ್ನುತ್ತದೆಂದು ಆರಿಸಿದೆ. ವಿಮಾನದ ಸದ್ದು ಬರಬಾರದೆಂದು ಕಿಟಕಿಗಳನ್ನು ಬಿಗಿದು ಟೇಪು ಅಂಟಿಸಿದೆ. ಬಹ್ರೇನಿನ ಆಗಸ್ಟ್! ಸ್ವಲ್ಪ ಹೊತ್ತಿಗೆ ಕೋಣೆ ಇಡ್ಲಿ ಬೇಯಿಸುವಷ್ಟಾಯಿತು. ಅಂಗಿ ಕಳಚಿ, ಬನಿಯನ್ನಿನಲ್ಲಿ, ಹೆಗಲಿಗೊಂದು ಒದ್ದೆ ಬೈರಾಸು ಹಾಕಿಕೊಂಡು, ಒಂದು ಗಂಟೆಯ ಸುಮಾರಿಗೆ ಕ್ಯಾಮೆರಾ ಸರಿಯಾಗಿದೆಯೇ ನೋಡೋಣ ಎಂದು ಲಿಂಕ್ ಒತ್ತಿದೆ.

ಪರದೆಯ ಮೇಲೆ ಐದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಆರನೆಯದು ಅವರ ಜೊತೆಗಿದ್ದ ಒಬ್ಬ ಹೆಂಗಸು. ಆಕೆ ಬಹಳ ವಿನಯದಿಂದ, ಲವೀನಾ ಎಂದರೆ ತಾವೇ ಏನು ಎಂದು ಕೇಳಿದಳು.

ಬುದ್ಧಿ ಇದ್ದವನು ತಪ್ಪಾಯಿತು ಎಂದು ಹೇಳಿ ಮುಚ್ಚುತ್ತಿದ್ದ. ನಾನು ಬೈರಾಸನ್ನು ಶಾಲಿನಂತೆ ಹೊದ್ದುಕೊಂಡು, ನಾನು ಆಕೆಯ ಗಂಡ, ಆಕೆ ಬರುವವರೆಗೆ ತಾವು ನನ್ನಲ್ಲಿ ಏನು ಬೇಕಾದರೂ ಕೇಳಬಹುದು ಎಂದೆ. ಹೆಂಗಸು ಬೇರೆ ದಿನ ಇಟ್ಟುಕೊಳ್ಳೋಣ ಎನ್ನುವಷ್ಟರಲ್ಲಿ ಹಸಿರು ಕೂದಲಿನ ಒಬ್ಬ ಹುಡುಗಿ, ಅವರೇ ಕೇಳಿ ಎನ್ನುತ್ತಿದ್ದಾರಲ್ಲ, ಕೇಳಿಯೇ ಬಿಡೋಣ ಎಂದಳು. ನಾನು ಒಂದು ಕೈಯಲ್ಲಿ ಲವೀನಾಳಿಗೆ ಫೋನು ಒತ್ತುತ್ತಲೇ ಇದ್ದೆ. ಪೂಜೆಯ ಹೊತ್ತಿಗೆ ಆಕೆಯ ಫೋನು ಮೌನವ್ರತದಲ್ಲಿರುತ್ತದೆ.

ಮೊದಲ ಪ್ರಶ್ನೆ, ಕಾರ್ಪೊರೇಟ್ ಪೇರೆಂಟ್ ಎಂದರೆ ಏನು? ಅಂಥ ಮಗುವಿಗೆ ನಗರಸಭೆಯೇ ಅಪ್ಪ ಅಮ್ಮನಾಗಿ ನಿಲ್ಲಬೇಕು ಎಂಬುದು ಅದರ ಅರ್ಥವೆಂದು ಲವೀನಾ ಊಟದ ಮೇಜಿನಲ್ಲಿ ಎಷ್ಟೋ ಸಲ ಹೇಳಿದ್ದಳಂತೆ. ನಾನು ಊಟ ಮಾಡುತ್ತಿದ್ದೆನಂತೆ. ಈಗ ಎದೆಯುಬ್ಬಿಸಿ, ಇಪ್ಪತ್ತು ವರ್ಷ ಕಾರ್ಪೊರೇಟಿನಲ್ಲಿದ್ದೇನೆ, ಒಬ್ಬ ಮಗಳ ಪೇರೆಂಟ್ ಕೂಡ ಹೌದು, ಆದ್ದರಿಂದ ಆ ಪದ ನನಗೇ ಅನ್ವಯಿಸುತ್ತದೆ ಎಂದೆ. ಐವರೂ ಬಿದ್ದು ಬಿದ್ದು ನಕ್ಕರು. ಮೆಚ್ಚಿಕೊಂಡರು ಎಂದುಕೊಂಡೆ.

ಹದಿನೆಂಟು ತುಂಬಿದವರಿಗೆ ಏನು ಮಾಡುತ್ತೀರಿ ಎಂಬುದು ಎರಡನೆಯದು. ನಮ್ಮಲ್ಲಿ ಹದಿನೆಂಟಕ್ಕೆ ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ ಎಂದು ಭಾಷಣ ಬಿಗಿದೆ. ಮೂಲೆಯಲ್ಲಿದ್ದ ತೆಳ್ಳಗಿನ ಹುಡುಗ ಅಷ್ಟರವರೆಗೆ ಮಾತಾಡಿರಲಿಲ್ಲ.

"ಒಳ್ಳೆಯದು. ನಮ್ಮನ್ನು ಹಾಕಿದರು," ಎಂದ.

ಹುಟ್ಟುಹಬ್ಬದ ದಿನ ಅವನಿಗೆ ಒಂದು ಕೇಕು, ಒಂದು ಫ್ಲ್ಯಾಟಿನ ಬೀಗದ ಕೈ ಕೊಟ್ಟರಂತೆ. ಫ್ಲ್ಯಾಟಿನ ಕಿಟಕಿಗೆ ಪರದೆ ಇರಲಿಲ್ಲ, ಚಮಚ ಇರಲಿಲ್ಲ, ಚಾಕು ಇರಲಿಲ್ಲ. ಕೇಕನ್ನು ಬೀಗದ ಕೈಯಲ್ಲೇ ಕತ್ತರಿಸಿದನಂತೆ. ಅವನು ಅದನ್ನು ತಮಾಷೆಯಂತೆ ಹೇಳಿದ.

ಹಸಿರು ಕೂದಲಿನವಳು ಮೆಲ್ಲಗೆ ಕೇಳಿದಳು, ಮಗಳ ಕೋಣೆಗೆ ಹೋಗುವಾಗ ಬಾಗಿಲು ತಟ್ಟುತ್ತೀರಾ?

ಯಾವಾಗಲೂ, ಎಂದೆ.

"ಇಲ್ಲ," ಎಂದಿತು ನನ್ನ ಬೆನ್ನ ಹಿಂದಿನಿಂದ ಒಂದು ದನಿ. ಹದಿನೈದರ ಮಗಳು ರಿಯಾ, ಏಸಿ ಯಾಕೆ ಆರಿದೆ ಎಂದು ಕೇಳಲು ಬಂದವಳು.

ಅಲ್ಲಿಂದ ಮುಂದೆ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅಪ್ಪ ನಿನ್ನಲ್ಲಿ ಏನೇನು ಕೇಳುತ್ತಾರೆ ಎಂದು ಅವರು ರಿಯಾಳನ್ನು ವಿಚಾರಿಸಿದರು. ಮಾರ್ಕ್ಸ್, ಎಂದಳು ಅವಳು. ಮತ್ತೆ? ಅವಳು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ಅಪ್ಪ ಒಳ್ಳೆಯವರೇ ಎಂದು ಸೇರಿಸಿದಳು. ಅವಳು ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾಳೆ, ವಾರಕ್ಕೆರಡು ದಿನ ನಾನೇ ಕಾರಿನಲ್ಲಿ ಬಿಡುತ್ತೇನೆ ಎಂದು ನಾನು ನಡುವೆ ಬಾಯಿ ಹಾಕಿದೆ.

"ಅದನ್ನು ಬಿಟ್ಟು ಎಷ್ಟು ಸಮಯ ಆಯ್ತು ಡ್ಯಾಡಿ."

ಹಾಗಾದರೆ ನಾನು ಬಿಟ್ಟು ಬರುತ್ತಿದ್ದದ್ದು ಎಲ್ಲಿಗೆ?

"ಲೈಬ್ರರಿಗೆ. ಟೀಮಿನಲ್ಲಿ ನನ್ನ ಹತ್ರ ಯಾರೂ ಮಾತಾಡ್ತಿರಲಿಲ್ಲ. ಮಮ್ಮಿಗೆ ಗೊತ್ತುಂಟು. ನೀವು ಕೇಳ್ಲಿಲ್ಲ."

ಸ್ವಂತ ಮಗಳ ಸುದ್ದಿಯನ್ನು ನಾನು ಇಂಗ್ಲೆಂಡಿನ ಎದುರು ಕುಳಿತು ತಿಳಿದುಕೊಂಡೆ. ಬೈರಾಸಿನಿಂದ ಮುಖ ಒರೆಸಿದೆ. ಬೆವರು ಎಂದುಕೊಂಡಿರಬೇಕು ಅವರು.

ಆಗ ಬಾಗಿಲು ತೆರೆಯಿತು. ಲವೀನಾ ಬಂದಳು. ಬನಿಯನ್ನಿನ ಗಂಡ, ಪಕ್ಕದಲ್ಲಿ ಮಗಳು, ಪರದೆಯಲ್ಲಿ ಸಂದರ್ಶನ ಸಮಿತಿ.

"ನೀವು ಎಂತ ಮಾಡಿದ್ದು ಮಾರಾಯ್ರೆ?"

ವ್ಯವಸ್ಥೆ, ಎಂದೆ.

ನಾನು ಎದ್ದೆ. ಏಳುವಾಗ ಅನಾನಸಿನ ಚಿತ್ರಗಳಿದ್ದ ನನ್ನ ಬರ್ಮುಡಾ ಕೂಡ ಇಂಗ್ಲೆಂಡಿಗೆ ದರ್ಶನ ಕೊಟ್ಟಿತು. ಲವೀನಾ ಕುರ್ಚಿಯಲ್ಲಿ ಕುಳಿತು ಕ್ಷಮೆ ಕೇಳಿದಳು, ಸಬೂಬು ಹೇಳಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತೆ. ತೆಳ್ಳಗಿನ ಹುಡುಗ ಕೇಕಿನ ಕಥೆಯನ್ನು ಮತ್ತೊಮ್ಮೆ ಹೇಳಿ, ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ.

"ಮರುದಿನ ಬರುತ್ತಿದ್ದೆ," ಎಂದಳು ನನ್ನ ಹೆಂಡತಿ. "ಅದರ ಮರುದಿನವೂ. ಕಾನೂನು ಎಲ್ಲಿವರೆಗೆ ಬಿಡುತ್ತದೋ ನನಗೆ ಈಗ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ."

ಹುಡುಗ ತಲೆ ತಗ್ಗಿಸಿದ. ರಿಯಾ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಅಲ್ಲಿ ನಾವಿಬ್ಬರೂ ಸುಲೈಮಾನಿ ಚಹಾ ಕುಡಿದೆವು. ಲೈಬ್ರರಿಯಲ್ಲಿ ಏನು ಓದುತ್ತಿ ಎಂದು ಕೇಳಿದೆ. ಅವಳು ಹೇಳತೊಡಗಿದಳು, ನಿಲ್ಲಿಸಲೇ ಇಲ್ಲ. ಅರ್ಧ ನನಗೆ ಅರ್ಥವಾಗಲಿಲ್ಲ, ಆದರೂ ಕುಳಿತೆ.

ದೊಡ್ಡವರ ಸುತ್ತೂ ಮುಗಿದು ಲವೀನಾಳಿಗೆ ಕೆಲಸ ಸಿಕ್ಕಿತು. ಆ ಐವರೂ ಅವಳೇ ಬೇಕೆಂದು ಹಟ ಹಿಡಿದರಂತೆ. ನನ್ನ ಬಗ್ಗೆಯೂ ಒಂದು ಮಾತು ಹೇಳಿದರಂತೆ. ಮನುಷ್ಯ ಪಾಪದವರು, ಕಲಿಯಬಹುದು.

ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ವೀಸಾಕ್ಕೆ ಹಾಕಿದೆವು. ಇಪ್ಪತ್ತು ವರ್ಷ ಈ ದ್ವೀಪದಲ್ಲಿ ಮನೆಯ ಯಜಮಾನನೆಂದು ಮೆರೆದವನ ಹೆಸರಿನ ಮುಂದೆ ಈಗ ಬ್ರಿಟಿಷ್ ಸರಕಾರ ಒಂದೇ ಶಬ್ದ ಹಾಕಿದೆ. ಅವಲಂಬಿತ. ಲವೀನಾ ನೋಡಿಕೊಳ್ಳಬೇಕಾದ ಹದಿನೆಂಟು ದಾಟಿದವರ ಪೈಕಿ, ಅವಳು ವಿಮಾನ ಹತ್ತುವ ಮೊದಲೇ ಮಂಜೂರಾದವನು ನಾನೊಬ್ಬನೇ.