ಬಾಣಂತಿಯರಿಗೆ ಚಿಕ್ಕಮ್ಮನ ಇಪ್ಪತ್ತು ಪ್ರಶ್ನೆ

ಬೆಳ್ತಂಗಡಿಯ ಸುತ್ತಮುತ್ತ ಈಗ ನಲವತ್ತು ದಾಟಿದವರಲ್ಲಿ ಅರ್ಧದಷ್ಟು ಜನ ಈ ಲೋಕಕ್ಕೆ ಬಂದು ಕೇಳಿದ ಮೊದಲ ಮಾತು ನಮ್ಮ ಚಿಕ್ಕಮ್ಮನ ಬೈಗುಳ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಅವರನ್ನೇ ಕೇಳಿ ನೋಡಿ. ಅವರಿಗೆ ನೆನಪಿರಲಾರದು; ಅವರ ತಾಯಂದಿರಿಗೆ ಚೆನ್ನಾಗಿ ನೆನಪಿರುತ್ತದೆ.

ಚಿಕ್ಕಮ್ಮ ನನ್ನ ತಾಯಿಯ ಕೊನೆಯ ತಂಗಿ. ಲಾಯಿಲದಲ್ಲಿ ಮನೆ, ಸರಕಾರಿ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸು. ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ಆದರೆ ಹೆರಿಗೆ ಕೋಣೆಯಲ್ಲಿ ನಿಂತು, "ಬಲ ಕೊಡು ಮಾರಾಯ್ತಿ, ನಿನ್ನ ಮಗುವನ್ನು ನಾನು ಹೆರಲಿಕ್ಕೆ ಆಗ್ತದಾ?" ಎಂದು ಗದರಿದರೆ, ರಸ್ತೆಯಲ್ಲಿ ಬಸ್ಸು ಕಾಯುತ್ತಿದ್ದ ಗಂಡಸರೂ ಉಸಿರು ಬಿಗಿಹಿಡಿದು ಬಲ ಕೊಡುತ್ತಿದ್ದರು. ಹೀಗೆ ಮೂವತ್ತು ವರ್ಷ. ಮಳೆ, ನೆರೆ, ಮುಷ್ಕರ, ತಮ್ಮದೇ ಜ್ವರ, ಯಾವುದಕ್ಕೂ ಅವರು ರಜೆ ಹಾಕಿದ್ದನ್ನು ನಾನು ಕಾಣೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅವರ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದಾಗ, ಬಂಟ್ವಾಳಕ್ಕೆ ಬಂದಿದ್ದ ಒಬ್ಬ ಲೇಡಿ ಡಾಕ್ಟರು ಅವರ ಕೈಗೆ ಒಂದು ಇಂಗ್ಲಿಷ್ ಫಾರಮು ಕೊಟ್ಟರು. ಹೆರಿಗೆಯಾದ ಹೆಂಗಸರಿಗೆ ಆ ಅನುಭವ ಎಷ್ಟು ತೃಪ್ತಿ ಕೊಟ್ಟಿತು ಎಂದು ಕೇಳುವ ಇಪ್ಪತ್ತು ಪ್ರಶ್ನೆಗಳು. ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಭಾಷೆಗೆ ಇದನ್ನು ಹೊಂದಿಸಿಕೊಳ್ಳುತ್ತಾರಂತೆ. ಇಲ್ಲಿಯ ತಾಯಂದಿರಿಗೆ ತುಳುವಿನಲ್ಲಿ ಮಾಡಿ, ಕೇಳಿ ನೋಡಿ ಕೊಡಬೇಕು. ಸಮಯ ಒಂದು ತಿಂಗಳು.

ಮೂಡಬಿದಿರೆಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನನಗೆ ಆಗ ಬೇಸಿಗೆ ರಜೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಚಿಕ್ಕಮ್ಮ ನನ್ನನ್ನು ಲಾಯಿಲಕ್ಕೆ ಕರೆಸಿಕೊಂಡರು.

"ನನಗೆ ಇದರಲ್ಲಿ ಕೊನೆಯ ಪ್ರಶ್ನೆ ಮಾತ್ರ ಬೇಕಾದ್ದು," ಎಂದರು. "ಹೆರಿಗೆ ಮಾಡಿಸಿದವರು ನಿಮ್ಮನ್ನು ಗದರಿದರೇ ಅಂತ ಉಂಟಲ್ಲ, ಅದು. ಮೂವತ್ತು ವರ್ಷದಲ್ಲಿ ಒಬ್ಬಳೂ ನನ್ನ ಹತ್ತಿರ ನಾನು ಹೇಗೆ ಅಂತ ಹೇಳಲಿಲ್ಲ. ಕೆಲಸ ಬಿಡುವ ಮೊದಲು ಒಂದೇ ಒಂದು ನಿಜವಾದ ಉತ್ತರ ಸಿಕ್ಕಿದರೆ ಸಾಕು."

"ನಿಜ ಕೇಳಿ ಎಂತ ಮಾಡ್ತೀರಿ ಚಿಕ್ಕಮ್ಮ?"

"ಒಳ್ಳೆಯವಳೋ ಕೆಟ್ಟವಳೋ ಅಂತ ಗೊತ್ತಿಲ್ಲದೆ ಪೆನ್ಶನ್ ತಿನ್ನುವುದಾ? ಬರೆ, ಬರೆ."

ನಾನು ಬರೆಯತೊಡಗಿದೆ. ಮೊದಲ ಪ್ರಶ್ನೆಯಲ್ಲೇ ಗಾಡಿ ನಿಂತಿತು. ತೃಪ್ತಿಯಾಯಿತೇ ಎಂದು ನಮ್ಮಲ್ಲಿ ಕೇಳುವುದು ಶ್ರಾದ್ಧದ ಊಟಕ್ಕೆ ಕುಳಿತವರನ್ನು. ಹೆತ್ತವಳನ್ನು ಯಾರು ಕೇಳುತ್ತಾರೆ? ಏಳನೆಯ ಪ್ರಶ್ನೆ ಇನ್ನೂ ಸೊಗಸು: ಹೆರಿಗೆಯ ಹೊತ್ತಿನಲ್ಲಿ ಗಂಡ ಪಕ್ಕದಲ್ಲಿದ್ದು ಕೈ ಹಿಡಿದುಕೊಂಡಿದ್ದರೇ? ಇದನ್ನು ಮೂಡಬಿದಿರೆಯ ಒಬ್ಬ ಬಾಣಂತಿಗೆ ಓದಿ ಹೇಳಿದಾಗ ಅವಳು ನಕ್ಕು ನಕ್ಕು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಗೋಡೆಗೆ ಒರಗಿದಳು.

"ಕೈ ಹಿಡಿಯಲಿಕ್ಕೆ ಅವರ ಕೈ ದುಬೈಯಿಂದ ಇಲ್ಲಿಗೆ ಮುಟ್ಟಬೇಕಲ್ಲ ನರ್ಸಮ್ಮ!"

ಚಿಕ್ಕಮ್ಮ ಅಲ್ಲೇ ಪ್ರಶ್ನೆಯನ್ನು ಹೊಡೆದುಹಾಕಿ ಹೊಸದು ಹೇಳಿದರು: ನಿಮ್ಮನ್ನು ಆಸ್ಪತ್ರೆಗೆ ಸಾಗಿಸಲು ಜೀಪು ಹುಡುಕಿ ತಂದವರು ಯಾರು, ಅವರು ಎಷ್ಟು ಹೊತ್ತು ಹೊರಗೆ ಕಾದರು? ಯೋಚಿಸಿ ನೋಡಿ. ನಮ್ಮ ಊರಿನಲ್ಲಿ ಗಂಡಸರ ಪ್ರೀತಿಯನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆ ಬೇರೆ ಉಂಟೇ? ಇಂಗ್ಲಿಷಿನವರಿಗೆ ಇದು ಹೊಳೆಯಲಿಲ್ಲ.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ನಾನು ಗಂಟೆ ನೋಡಿ ಏಳುವವಳು, ಗಂಟೆ ನೋಡಿ ಉಣ್ಣುವವಳು. ಚಿಕ್ಕಮ್ಮನ ಜೊತೆ ಹೊರಟ ಮೇಲೆ ನನ್ನ ಗಡಿಯಾರಕ್ಕೆ ಕೆಲಸವೇ ಉಳಿಯಲಿಲ್ಲ. ಒಂದು ದಿನ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿಯ ಬಸ್ಸು ಹತ್ತಲು ಹೊರಟಾಗ, ಮಗುವನ್ನು ಎತ್ತಿಕೊಂಡ ಒಬ್ಬಳು ಎದುರಿಗೆ ಸಿಕ್ಕಿದಳು. ಚಿಕ್ಕಮ್ಮ ಅವಳನ್ನು ಅಲ್ಲೇ ನಿಲ್ಲಿಸಿದರು. ಕಂಡಕ್ಟರ್ ರೈಟ್ ಹೇಳಲು ಬಾಯಿ ತೆರೆದ. ಚಿಕ್ಕಮ್ಮ ತಿರುಗಿ ನೋಡಿದರು. ಅವನು ಬಾಯಿ ಮುಚ್ಚಿದ. ಹುಟ್ಟುವಾಗ ಅವನನ್ನೂ ಎತ್ತಿಕೊಂಡದ್ದು ಇದೇ ಕೈ.

ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿದ. "ನರ್ಸಮ್ಮ, ಇನ್ನು ಎಷ್ಟು ಪ್ರಶ್ನೆ ಉಂಟು?"

"ಎಂಟು."

ಅವನು ಇಂಜಿನ್ ಆಫ್ ಮಾಡಿದ. ಎದುರಾಳಿ ಬಸ್ಸಿಗಿಂತ ಒಂದು ನಿಮಿಷ ಮುಂದೆ ಹೋಗಲು ಪ್ರಾಣ ಬಿಡುವ ಆ ಖಾಸಗಿ ಬಸ್ಸಿನವರು ಎಂಟು ಪ್ರಶ್ನೆಗಳಿಗೆ ಕಾದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗಿದ್ದ ಪ್ರಯಾಣಿಕರೂ ಗೊಣಗಲಿಲ್ಲ. ಹೆಂಗಸರ ಸೀಟಿನಿಂದ ಕೆಲವರು ಉತ್ತರಗಳನ್ನು ತಿದ್ದಿದರು ಕೂಡ.

ತೊಂದರೆ ಇದ್ದದ್ದು ಫಾರಮಿನಲ್ಲಿ ಉತ್ತರಕ್ಕೆ ಗುರುತು ಹಾಕುವ ಚೌಕದ ಮನೆಗಳಲ್ಲಿ. ಪ್ರತಿ ಪ್ರಶ್ನೆಯ ಎದುರು ಐದು ಮನೆ: ಪೂರ್ತಿ ಒಪ್ಪುವವರಿಂದ ಏನೂ ಒಪ್ಪದವರವರೆಗೆ. ನಮ್ಮ ಹೆಂಗಸರು ಮನೆಗೆ ಬಂದ ನರ್ಸಮ್ಮನ ಎದುರು ಏನನ್ನಾದರೂ ಒಪ್ಪದೆ ಇರುವುದುಂಟೇ? ಎಲ್ಲದಕ್ಕೂ "ಒಳ್ಳೇದಿತ್ತು", ಜೊತೆಗೆ ಒಂದು ಲೋಟ ಕಾಫಿ. ಹೆಂಗಸು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಡುತ್ತಿದ್ದರು, "ಅವಳಿಗೆ ಎಂತ ಕಮ್ಮಿಯಾಗಿದೆ?"

ಚಿಕ್ಕಮ್ಮ ಒಂದು ದಿನವಿಡೀ ಯೋಚಿಸಿ ದಾರಿ ಕಂಡುಹಿಡಿದರು. ನಮ್ಮಲ್ಲಿ ಬಾಣಂತಿ ಮುಲಾಜಿಲ್ಲದೆ ಮಾತಾಡುವ ಸ್ಥಳ ಒಂದೇ, ಬಚ್ಚಲು. ಮಿಂದು ಮುಗಿಯುವವರೆಗೆ ಅತ್ತೆಯೂ ಅಲ್ಲಿಗೆ ಬರುವುದಿಲ್ಲ. ಅವಳು ಮುಲಾಜಿಲ್ಲದೆ ತೀರ್ಪು ಕೊಡುವ ವಿಷಯವೂ ಒಂದೇ, ಮೈಮೇಲೆ ಬೀಳುವ ನೀರು. ಆದ್ದರಿಂದ ಒಪ್ಪುವ ಒಪ್ಪದ ಮನೆಗಳು ಹೋಗಿ ಐದು ಬಗೆಯ ನೀರು ಬಂತು: ತಣ್ಣೀರು, ಉಗುರುಬೆಚ್ಚಗಿನದು, ಬೆಚ್ಚಗಿನದು, ಬಿಸಿ, ಮೈ ಕೆಂಪಾಗುವಷ್ಟು ಬಿಸಿ.

ಮುಂದಿನ ಎರಡು ವಾರ ಚಿಕ್ಕಮ್ಮ ಸೆರಗು ಸಿಕ್ಕಿಸಿ ಹಂಡೆಯಿಂದ ನೀರು ಹೊಯ್ಯುತ್ತಾ ಪ್ರಶ್ನೆ ಕೇಳುವುದು, ನಾನು ಹೊರಗೆ ಒಗೆಯುವ ಕಲ್ಲಿನ ಮೇಲೆ ಕುಳಿತು ಬರೆದುಕೊಳ್ಳುವುದು.

"ಒಂಬತ್ತು! ನೋವಿನ ಹೊತ್ತಿಗೆ ಹತ್ತಿರ ಯಾರಾದರೂ ಇದ್ದರಾ? ಎಷ್ಟು ಬಿಸಿ?"

ಒಳಗಿನಿಂದ ಧಬಧಬ ನೀರಿನ ಸದ್ದು, ನಂತರ ಉತ್ತರ: "ಕೆಂಪಾಗುವಷ್ಟು!"

ಫಾರಮುಗಳಿಗೆಲ್ಲ ತೆಂಗಿನೆಣ್ಣೆಯ ಕಲೆ, ಹೊಗೆಯ ವಾಸನೆ. ಲೇಡಿ ಡಾಕ್ಟರು ಅವನ್ನು ಬಂಟ್ವಾಳದಲ್ಲಿ ಬಿಡಿಸಿ ನೋಡಿದವರೇ ಗಾಬರಿಯಾದರು.

"ಅಮ್ಮಾ, ಇದೇನಿದು? ಎಲ್ಲರೂ ಸುಟ್ಟುಕೊಂಡಿದ್ದಾರಲ್ಲ! ಅಷ್ಟೊಂದು ಕಷ್ಟವಾಯಿತೇ?"

"ಕಷ್ಟ ಎಂತದು? ಅದು ಎಲ್ಲಕ್ಕಿಂತ ಒಳ್ಳೆಯದು. ಕಷ್ಟವಾದರೆ ತಣ್ಣೀರು."

"ಮೈ ಕೆಂಪಾಗುವುದು ಒಳ್ಳೆಯದೇ?"

ಚಿಕ್ಕಮ್ಮ ಅವರನ್ನು ಕನಿಕರದಿಂದ ನೋಡಿದರು. "ಡಾಕ್ಟ್ರೇ, ನಿಮಗೆ ಮಕ್ಕಳು?"

"ಒಬ್ಬ ಮಗ. ಬೊಂಬಾಯಿಯಲ್ಲಿ ಹುಟ್ಟಿದ್ದು."

"ಹಾಗೆ ಹೇಳಿ. ನಿಮಗೆ ಸರಿಯಾಗಿ ನೀರು ಬೀಳಲಿಲ್ಲ."

ಡಾಕ್ಟರು ದೊಡ್ಡ ಮನಸ್ಸಿನವರು, ನಕ್ಕರು. ಐದು ನೀರುಗಳನ್ನೂ ಒಪ್ಪಿದರು. ಕೊನೆಯ ಪುಟಕ್ಕೆ ಬಂದಾಗ ಅವರ ಮುಖ ಅರಳಿತು. "ನೋಡಿ, ಗದರಿದರೇ ಎಂಬುದಕ್ಕೆ ಒಬ್ಬರದ್ದೂ ತಣ್ಣೀರಿಲ್ಲ, ಗದರಿದರು ಎಂದು ಯಾರೂ ಹೇಳಿಲ್ಲ. ನೀವು ಎಷ್ಟು ಸಮಾಧಾನದವರು!"

ಲಾಯಿಲದ ಮನೆಗೆ ಬಂದು ಚೀಲ ಇಟ್ಟು ಚಿಕ್ಕಮ್ಮ ಹೇಳಿದರು, "ಒಬ್ಬಳೂ ನಿಜ ಹೇಳಲಿಲ್ಲ. ಬಚ್ಚಲಲ್ಲಿ ಕೂಡ."

"ನಿಮ್ಮ ಮೇಲೆ ಪ್ರೀತಿ ಚಿಕ್ಕಮ್ಮ."

"ಪ್ರೀತಿ ಅಲ್ಲ, ಹಂಗು. ಮಗು ಮಡಿಲಲ್ಲಿ ಉಂಟಲ್ಲ. ಅದನ್ನು ಕೈಗೆ ಕೊಟ್ಟವಳ ಎದುರು ಯಾರು ಕೆಟ್ಟದ್ದು ಹೇಳ್ತಾರೆ?" ಯಾರ್ಯಾರನ್ನು ಕೇಳಬೇಕೆಂದು ನಾವು ಮಾಡಿಕೊಂಡಿದ್ದ ಹೆರಿಗೆಯ ಪಟ್ಟಿಯನ್ನು ಬಿಡಿಸಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ನಾಳೆ ವೇಣೂರಿಗೆ ಹೋಗುವ. ಗಿರಿಜಳ ಮನೆಗೆ."

ಗಿರಿಜಳ ಹೆಸರಿನ ಮೇಲೆ ಮೊದಲ ದಿನವೇ ಗೆರೆ ಎಳೆದವಳು ನಾನು. ಜೀವಂತ ಮಗುವಿರುವ ತಾಯಂದಿರಿಗೆ ಮಾತ್ರ ಎಂದು ಫಾರಮಿನ ತಲೆಯಲ್ಲೇ ಬರೆದಿತ್ತು. ಗಿರಿಜಳ ಮಗು ಹುಟ್ಟುವಾಗಲೇ ಉಸಿರಾಡಿರಲಿಲ್ಲ.

"ಅದು ನಿಯಮಕ್ಕೆ ವಿರುದ್ಧ ಚಿಕ್ಕಮ್ಮ," ಎಂದೆ.

"ನಿಯಮ ಮಾಡಿದವರಿಗೆ ಅವಳು ಹೆರಲೇ ಇಲ್ಲ ಅಂತ ಲೆಕ್ಕವಾ?"

ಮರುದಿನ ಬೆಳಿಗ್ಗೆ ವೇಣೂರಿನ ಆ ಚಿಕ್ಕ ಮನೆಯ ಜಗಲಿಯಲ್ಲಿ ಗಿರಿಜ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಚಿಕ್ಕಮ್ಮನನ್ನು ಕಂಡು ಎದ್ದಳು. ಕುಳಿತುಕೋ ಎಂದ ಮೇಲೆ ಕುಳಿತಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚಿಕ್ಕಮ್ಮ ಅವಳ ಎದುರು ನೆಲದ ಮೇಲೆ ಕುಳಿತು, ಬಂದ ಕಾರಣ ಹೇಳಿ, ಒಂದನೆಯ ಪ್ರಶ್ನೆಯಿಂದ ಆರಂಭಿಸಿದರು. ಒಂದನ್ನೂ ಬಿಡಲಿಲ್ಲ. ಗಿರಿಜ ಎಲೆ ಕತ್ತರಿಸಿ, ಹುಡಿ ತುಂಬಿ, ನೂಲು ಸುತ್ತುತ್ತಾ ಒಂದೊಂದಕ್ಕೂ ಉತ್ತರ ಕೊಟ್ಟಳು. ನೀರಿನ ಬಿಸಿಯಲ್ಲಿ ಉತ್ತರ ಹೇಳೆಂದು ನಾವು ಅವಳನ್ನು ಕೇಳಲಿಲ್ಲ. ಅವಳು ಹೇಳಿದ ಹಾಗೆಯೇ ನಾನು ಬರೆದುಕೊಂಡೆ.

"ಇಪ್ಪತ್ತನೆಯದು," ಎಂದರು ಚಿಕ್ಕಮ್ಮ. "ನಿನ್ನನ್ನು ಯಾರಾದರೂ ಗದರಿದರಾ ಮಗಾ?"

"ನೀವು ಗದರಿದಿರಲ್ಲ," ಎಂದಳು ಗಿರಿಜ, ತಲೆ ಎತ್ತದೆ. "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗದರಿದಿರಿ. ಅದು ನನಗೆ ಧೈರ್ಯವೇ. ನೀವು ಬೈತಾ ಇದ್ದಷ್ಟು ಹೊತ್ತು ಎಲ್ಲ ಸರಿ ಉಂಟು ಅಂತ ಗ್ರಹಿಸಿದ್ದೆ. ಮತ್ತೆ ನೀವು ಸುಮ್ಮನಾದಿರಿ. ಆಗ ನನಗೆ ಗೊತ್ತಾಯ್ತು." ನೂಲಿನ ಗಂಟು ಬಿಗಿದಳು. "ಬಟ್ಟೆಯಲ್ಲಿ ಸುತ್ತಿ ಹೊರಗೆ ಕೊಂಡುಹೋದಿರಿ. ಇವತ್ತಿನವರೆಗೆ ಯಾರೂ ಅದರ ಮಾತು ಎತ್ತಲಿಲ್ಲ ನರ್ಸಮ್ಮ. ನೀವೂ ಎತ್ತಲಿಲ್ಲ. ಬೈದದ್ದಕ್ಕೆ ನನಗೆ ಬೇಸರ ಇಲ್ಲ. ಅದಕ್ಕೆ ಬೇಸರ."

ಚಿಕ್ಕಮ್ಮ ನನ್ನ ಕಡೆ ತಿರುಗಿ, "ಬರೆ," ಎಂದರು. ಫಾರಮಿನ ಮನೆಗಳಲ್ಲಿ ಅದು ಹಿಡಿಯಲಿಲ್ಲ. ಕಾಗದದ ಹಿಂಬದಿಗೆ ಬರೆದೆ.

"ಅಂಥ ಮಗುವನ್ನು ತೋರಿಸಬಾರದು ಅಂತ ನಮಗೆ ಕಲಿಸಿದ್ದು," ಎಂದರು ಚಿಕ್ಕಮ್ಮ ಗಿರಿಜಳ ಕಡೆ ತಿರುಗಿ. "ತಾಯಿಗೆ ತಡೆಯುವುದಿಲ್ಲ, ಬೇಗ ಮರೀಲಿ ಅಂತ. ನಾನು ನೋಡಿದ್ದೇನೆ ಮಗಾ. ಹೇಳ್ಲಾ?"

ಗಿರಿಜ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ತಲೆ ತುಂಬ ಕೂದಲಿತ್ತು. ಹಣೆಯವರೆಗೆ. ಮೂಗು ನಿನ್ನದೇ. ಬಲಗೈ ಮುಷ್ಟಿ ಕಟ್ಟಿತ್ತು. ನಾನು ಮೆಲ್ಲ ಬಿಡಿಸಿ ಒರೆಸಿದೆ. ಉದ್ದುದ್ದ ಬೆರಳು."

"ಕೂದಲು ಗುಂಗುರಾ?"

"ಹೌದು, ಗುಂಗುರು."

"ಇವರದ್ದು ಹಾಗೆ," ಎಂದಳು ಗಿರಿಜ. ಮೊರವನ್ನು ಪಕ್ಕಕ್ಕೆ ಸರಿಸಿ, ಚಿಕ್ಕಮ್ಮನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕುಳಿತಳು.

"ಮತ್ತೆ?" ಎಂದಳು. "ಮತ್ತೆ ಹೇಳಿ."