ಸ್ಲ್ಯಾಬಿನ ಕೆಳಗೊಂದು ತೊಲೆ

ಮನೆಯಲ್ಲಿದ್ದಾಗ ಕಾಲಿಗೆ ತೊಡರುತ್ತದೆಂದು ಬೈಸಿಕೊಳ್ಳುವ ಸಾಮಾನೇ ಕೈಬಿಟ್ಟು ಹೋದ ಮೇಲೆ ಕಣ್ಣಿಗೆ ಕಟ್ಟತೊಡಗುತ್ತದೆ. ಇದು ಎಲ್ಲರಿಗೂ ಆಗುವಂಥದ್ದೇ ಇರಬೇಕು. ಆದರೆ ಉಳಿದವರು ಎರಡು ದಿನ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾರೆ. ನಾನು ಮಾತ್ರ ಗುಜರಿ ಅಂಗಡಿಗಳನ್ನು ಅಲೆದು, ಯಾರೋ ಎಸೆದದ್ದನ್ನು ಮನೆಗೆ ಹೊತ್ತು ತಂದು, ಅದಕ್ಕೆ ವಾರ್ನಿಷ್ ಬಳಿಯುತ್ತ ಐದು ವರ್ಷ ಕಳೆದೆ. ನನ್ನ ಹೆಂಡತಿ ನಿರ್ಮಲಾ ಇದನ್ನೊಂದು ರೋಗವೆಂದೇ ತಿಳಿದಿದ್ದಳು. ರೋಗದ ಮೂಲ ಗೊತ್ತಿದ್ದುದರಿಂದ ಹೆಚ್ಚು ಬೈಯುತ್ತಿರಲಿಲ್ಲ.

ಮೂಲವೆಂದರೆ ಕಮಲಾಪುರದ ನಮ್ಮ ಮನೆ. ಅವ್ವ ತೀರಿಕೊಂಡ ಮೇಲೆ ಅದನ್ನು ನಾನೇ ಮಾರಿದೆ. ಕಲಬುರಗಿಯ ಸೇಡಂ ರಸ್ತೆಯ ಕಡೆ ಒಂದು ಬಡಾವಣೆಯಲ್ಲಿ ಜಾಗ ಸಿಕ್ಕಿತ್ತು. ಸರ್ಕಾರಿ ಕಚೇರಿಯ ಗುಮಾಸ್ತನಾದ ನನಗೆ ಸ್ವಂತ ಮನೆಯ ಹುಚ್ಚು ಹತ್ತಿತ್ತು. ಮಾರಾಟದ ಕಾಗದಕ್ಕೆ ನನ್ನ ಅಕ್ಕ ಕಾಶೀಬಾಯಿಯ ಸಹಿಯೂ ಬೇಕಾಗಿತ್ತು. ಅವಳನ್ನು ಕೊಟ್ಟದ್ದು ಕಮಲಾಪುರಕ್ಕೇ, ನಮ್ಮ ಮನೆಯಿಂದ ಮೂರು ಓಣಿ ಆಚೆ. ಅವಳು ಪಾಲು ಕೇಳಲಿಲ್ಲ, ಕಾಗದ ಓದಲಿಲ್ಲ. ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕುತ್ತ ಒಂದೇ ಮಾತು ಕೇಳಿದಳು.

“ಇನ್ನ ಪಂಚ್ಮಿಗಿ ನಾ ಎಲ್ಲಿಗಿ ಬರ್ಲೋ ತಮ್ಮಾ?”

ಮೂರು ಓಣಿ ದೂರದ ತವರಾದರೂ ನಾಗರ ಪಂಚಮಿಗೆ ಅವಳು ಬಟ್ಟೆಯ ಗಂಟು ಕಟ್ಟಿಕೊಂಡೇ ಬರುತ್ತಿದ್ದಳು. ಪಡಸಾಲೆಯ ತೊಲೆಗೆ ಜೋಕಾಲಿ ಬಿದ್ದಿರುತ್ತಿತ್ತು. ಅವ್ವ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುತ್ತ ಕೂತರೆ ಅಕ್ಕ ಜೀಕುತ್ತ ಜೀಕುತ್ತಲೇ ಬುಟ್ಟಿಯಿಂದ ಒಂದೊಂದು ಎತ್ತಿಕೊಳ್ಳುತ್ತಿದ್ದಳು. ಅವಳ ಪ್ರಶ್ನೆಗೆ ನಾನು, ಕಲಬುರಗಿಯ ಮನೆ ಏಳಲಿ, ಅಲ್ಲಿಗೇ ಬರುವಿಯಂತೆ ಎಂದುಬಿಟ್ಟೆ.

ಮನೆಯೇನೋ ಎದ್ದಿತು. ಆರ್‌ಸಿಸಿ ಸ್ಲ್ಯಾಬು, ಮೊಸಾಯಿಕ್ ನೆಲ, ಟ್ಯೂಬ್‌ಲೈಟು. ಗೃಹಪ್ರವೇಶ ಮುಗಿದ ಮಧ್ಯಾಹ್ನ ಹಾಲ್‌ನಲ್ಲಿ ಅಂಗಾತ ಮಲಗಿ ಮೇಲೆ ನೋಡಿದೆ. ಸುಣ್ಣ ಬಳಿದ ಸಪಾಟು ಸ್ಲ್ಯಾಬು. ಕಣ್ಣು ಊರಲು ಒಂದು ಆಸರೆಯಿಲ್ಲ. ಜೋಕಾಲಿ ಕಟ್ಟಬಹುದಾದ ಒಂದೇ ಒಂದು ಕೊಂಡಿ ಇತ್ತು. ಅದಕ್ಕೆ ಫ್ಯಾನು ಜೋತುಬಿದ್ದಿತ್ತು. ಅಕ್ಕನನ್ನು ಈ ಡಬ್ಬಿಗೆ ಹೇಗೆ ಕರೆಯಲಿ ಅನ್ನಿಸಿತು. ಸ್ವಲ್ಪ ಮನೆಯ ಹಾಗೆ ಕಾಣಲಿ, ಆಮೇಲೆ ಕರೆಯೋಣ ಎಂದುಕೊಂಡೆ.

ಮನೆ ಮನೆಯ ಹಾಗೆ ಕಾಣುವುದು ಹೇಗೆಂದು ನನಗೆ ಗೊತ್ತಾದದ್ದು ಐವಾನ್-ಎ-ಶಾಹಿ ಬಡಾವಣೆಯ ಕಡೆ ಇದ್ದ ನಮ್ಮ ಕಚೇರಿಯ ಸಾಹೇಬರ ಬಂಗಲೆಯಲ್ಲಿ. ಒಂದು ಭಾನುವಾರ ಫೈಲು ಹಿಡಿದು ಹೋಗಿದ್ದೆ. ಅಲ್ಲಿ ಎತ್ತಿನ ಗಾಡಿಯ ಗಾಲಿ ಅಡ್ಡ ಮಲಗಿ, ಮೈಮೇಲೆ ಗಾಜು ಹೊತ್ತು, ಟೀಪಾಯಿಯಾಗಿತ್ತು. ಬೀಸುವ ಕಲ್ಲಿನ ಮೇಲೆ ಟೆಲಿಫೋನು ಕೂತಿತ್ತು. ಗೋಡೆಗೆ ಹೊಡೆದ ನೊಗಕ್ಕೆ ಸಾಹೇಬರ ಕೋಟು, ಕೊಡೆ ತೂಗುತ್ತಿದ್ದವು. ಬೇರೆ ಸೀಮೆಯಿಂದ ಬಂದಿದ್ದ ಸಾಹೇಬರ ಪತ್ನಿ, ಇದು ಫಾರ್ಮ್‌ಹೌಸ್ ಸ್ಟೈಲ್ ಎಂದು ವಿವರಿಸಿದರು. ನಮ್ಮೂರಲ್ಲಿ ಇದನ್ನು ದನ ಕಟ್ಟುವ ಜಾಗ ಅನ್ನುತ್ತಿದ್ದೆವು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಆದರೆ ಆ ನೊಗದ ಮೇಲೆ ಒಮ್ಮೆ ಕೈಯಾಡಿಸದೆ ಇರಲಾಗಲಿಲ್ಲ. ಅಪ್ಪ ಕೈಯಿಟ್ಟು ಕೈಯಿಟ್ಟು ನುಣುಪಾಗಿದ್ದ ನಮ್ಮ ನೊಗವನ್ನು ಮನೆಯ ಜೊತೆಗೇ ಬಿಟ್ಟುಬಂದಿದ್ದೆ. ಸಾಹೇಬರು ಫೈಲಿನಲ್ಲಿ ಏನು ಬರೆದರೆಂದು ನೋಡುವುದನ್ನೂ ಮರೆತು ಹೊರಬಿದ್ದೆ.

ಅಲ್ಲಿಂದ ಶುರುವಾಯಿತು. ಭಾನುವಾರ ಬಂದರೆ ನನ್ನ ಸ್ಕೂಟರು ಗುಜರಿಯ ದಾರಿ ಹಿಡಿಯುತ್ತಿತ್ತು. ಬೀಜ ಬಿತ್ತುವ ಕೂರಿಗೆ ತಂದು, ಅದರ ಬಿದಿರಿನ ಕೊಳವೆಗಳೊಳಗೆ ವೈರು ತೂರಿಸಿ, ತಲೆಕೆಳಗಾಗಿ ತೂಗುಬಿಟ್ಟು ದೀಪ ಮಾಡಿದೆ. ಜೋಳ ಅಳೆಯುವ ಸೇರು ಪೆನ್ನಿನ ಡಬ್ಬಿಯಾಯಿತು. ಗಾಡಿಯ ಗಾಲಿಯನ್ನೂ ಬಿಡಲಿಲ್ಲ. ಅದು ಮೂರು ತಿಂಗಳಲ್ಲಿ ನಿರ್ಮಲಾಳ ನಾಲ್ಕು ಸೀರೆ ಹರಿಯಿತು. ಹಳೆಯ ಕದವೊಂದು ಕೂರುವ ದಿವಾನವಾಯಿತು, ಅದರ ಜೊತೆ ಗೆದ್ದಲು ಉಚಿತವಾಗಿ ಬಂತು. ಸನ್‌ಮೈಕಾ ಹಚ್ಚಿದ ಒಂದು ಶೋಕೇಸು ಬೇಕೆಂಬುದು ನಿರ್ಮಲಾಳ ಬಹುದಿನದ ಆಸೆ. ಅವಳು ಅದನ್ನು ಕೇಳುವುದನ್ನೇ ಬಿಟ್ಟು, ಎತ್ತುಗಳು ಯಾವಾಗ ಬರುತ್ತವೆ, ಮೇವು ತರಿಸಿಡಲೇ ಎಂದು ಕೇಳತೊಡಗಿದಳು.

ಇಷ್ಟಾದರೂ ಮಲಗಿ ನೋಡಿದರೆ ಮೇಲೆ ಅದೇ ಬೋಳು ಸ್ಲ್ಯಾಬು. ತೊಲೆ ಇಲ್ಲದ ಮನೆ ಮನೆಯಲ್ಲ ಎಂಬ ತೀರ್ಮಾನಕ್ಕೆ ಬಂದೆ. ಆಗ ಕಮಲಾಪುರದಲ್ಲಿ ಹಳೆಯ ಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುವ ಭರಾಟೆ. ನಮ್ಮ ಮನೆ ಕೊಂಡವರೂ ಕೆಡವಿದ್ದರು. ಕಿತ್ತ ಕಟ್ಟಿಗೆಯೆಲ್ಲ ಊರ ಹೊರಗಿನ ಒಂದು ಅಡ್ಡಾಕ್ಕೆ ಬಂದು ಬೀಳುತ್ತಿತ್ತು. ಕಮಲಾಪುರದ ಮೇಲೆ ಹಾಯುವ ಹುಮನಾಬಾದ್ ಬಸ್ಸು ಹತ್ತಿ ಹೋಗಿ ನಮ್ಮ ಮನೆಯ ತೊಲೆ ಹುಡುಕುವುದು, ಬರಿಗೈಲಿ ವಾಪಸು ಬರುವುದು; ಹೀಗೆ ಏಳೆಂಟು ಸಲ ಆಯಿತು. ಅಕ್ಕನ ಓಣಿಯ ಕಡೆ ಹೋಗುತ್ತಿರಲಿಲ್ಲ. ಹೋಗಿ ಏನು ಹೇಳುವುದು? ಟವೆಲ್ಲನ್ನು ಬಿಸಿಲಿಗೆಂಬಂತೆ ತಲೆಮೇಲೆ ಹೊದ್ದು, ಬಸ್‌ಸ್ಟ್ಯಾಂಡಿನ ಹಿಂದಿನಿಂದ ಸುತ್ತುಹಾಕಿ ಅಡ್ಡಾಕ್ಕೆ ಹೋಗಿಬಿಡುತ್ತಿದ್ದೆ.

ನಮ್ಮ ತೊಲೆಯ ಗುರುತು ನನಗೆ ಖಚಿತವಾಗಿತ್ತು. ವರ್ಷವರ್ಷವೂ ಜೋಕಾಲಿಯ ಹಗ್ಗ ಉಜ್ಜಿ ಉಜ್ಜಿ ಅದರಲ್ಲಿ ಎರಡು ಕಡೆ ತಗ್ಗು ಬಿದ್ದಿತ್ತು. ರಾಶಿಯಲ್ಲಿ ಅಂಥದೊಂದು ಕಂಡದ್ದೇ ತಡ, ಸಿಕ್ಕಿತು ಎಂದು ಅದನ್ನು ತಬ್ಬಿಕೊಂಡೆ. ಅದರ ಕೆಳಗಿನದಕ್ಕೂ ಎರಡು ತಗ್ಗು ಇದ್ದವು. ಪಕ್ಕದ ಮೂರಕ್ಕೂ ಇದ್ದವು. ನನ್ನ ಪೆಚ್ಚು ಮುಖ ನೋಡಿ ಅಡ್ಡಾದ ಯಜಮಾನರು ಬೀಡಿ ಕೆಳಗಿಟ್ಟರು.

“ಎಲ್ಲಾರ ಮನ್ಯಾಗೂ ಹೆಣ್ಮಕ್ಕಳು ಇರ್ತಾರಲ್ರೀ ಸಾಹೇಬ್ರ. ಯಾವ್ದರ ಒಂದು ಒಯ್ರಿ.”

ಯಾರದೋ ಮನೆಯ ಹೆಣ್ಣುಮಕ್ಕಳು ಜೀಕಿದ ತೊಲೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ.

ಅದನ್ನು ನೋಡಿದ ನಮ್ಮ ಬಡಗಿ ಮಾನಪ್ಪ, ಈ ತೊಲೆ ಮನೆಯನ್ನು ಹೊರಬೇಕೋ, ಮನೆ ತೊಲೆಯನ್ನು ಹೊರಬೇಕೋ ಎಂದು ಕೇಳಿದ. ಬರೀ ನೋಡಲಿಕ್ಕೆ ಎಂದೆ. ಹಾಗಾದರೆ ಇಡಿಯಾಗಿ ಏರಿಸಿದರೆ ತಲೆಯ ಮೇಲೆ ಬರುತ್ತದೆ, ಸೀಳಿ ಹಲಗೆ ಮಾಡಿ, ಪೆಟ್ಟಿಗೆಯ ಹಾಗೆ ಜೋಡಿಸಿ, ಒಳಗೆ ಪೊಳ್ಳು ಬಿಟ್ಟು ಸ್ಲ್ಯಾಬಿಗೆ ಸ್ಕ್ರೂ ಹೊಡೆಯೋಣ ಎಂದ. ಗರಗಸ ಆಡಿದಾಗ ಮನೆತುಂಬ ಹಳೆಯ ಹೊಗೆಯ ವಾಸನೆ ಎದ್ದಿತು. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದ ಕಟ್ಟಿಗೆ ಅದು. ಅವ್ವನ ಸೆರಗಿಗೆ ಇದೇ ವಾಸನೆಯಿರುತ್ತಿತ್ತು. ನಾನು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಹಗ್ಗದ ತಗ್ಗುಗಳು ಎದುರಿಗೇ ಕಾಣಬೇಕು, ತೊಲೆಗೂ ಸ್ಲ್ಯಾಬಿಗೂ ನಡುವೆ ನಾಲ್ಕು ಬೆರಳು ಸಂದಿಯಿರಬೇಕು, ಹಳೆಯ ಮನೆಯಲ್ಲಿ ಬೀಳುವಂತೆ ಅಲ್ಲಿ ನೆರಳು ಬೀಳಬೇಕು ಎಂದು ಹಟ ಹಿಡಿದವನೂ ನಾನೇ. ಮಾನಪ್ಪ ನಡುವೆ ನಾಲ್ಕು ಕಟ್ಟಿಗೆಯ ಗುಟ್ಟಿ ಕೊಟ್ಟು ಹಾಗೆಯೇ ತೂಗುಬಿಟ್ಟ. ನನ್ನ ಕಣ್ಣಿಗೆ ಮನೆ ಈಗ ಮನೆಯಾಗಿತ್ತು. ಐದು ವರ್ಷದ ಮೇಲೆ ಅಕ್ಕನಿಗೆ ಇನ್‌ಲ್ಯಾಂಡ್ ಲೆಟರ್ ಹಾಕಿದೆ: ಮನೆ ಸಿದ್ಧವಾಗಿದೆ, ಪಂಚಮಿಗೆ ಬಾ.

ಪಂಚಮಿಯ ದಿನ ಬೆಳಿಗ್ಗೆ ಅಕ್ಕ ಒಬ್ಬಳೇ ಆಟೋ ಇಳಿದಳು. ಕೈಯಲ್ಲೊಂದು ದೊಡ್ಡ ಚೀಲ. ಹಾಲ್‌ನಲ್ಲಿ ನಿಂತು ಸುತ್ತ ನೋಡಿದಳು. ಗಾಲಿಯ ಮೇಲೆ ಚಹಾ ಯಾಕೆ ಇಡುತ್ತೀರೆಂದು ಕೇಳಿದಳು. ತಲೆಕೆಳಗಾದ ಕೂರಿಗೆ ನೋಡಿ, ಬಿತ್ತನೆ ಮಾಳಿಗೆಯ ಮೇಲೇನು ಎಂದಳು. ಅಡಿಗೆಮನೆಯಲ್ಲಿ ನಿರ್ಮಲಾ ನಕ್ಕದ್ದು ನನಗೆ ಕೇಳಿಸಿತು. ಆಮೇಲೆ ಅಕ್ಕನ ಕಣ್ಣು ಮೇಲೆ ಹೋಯಿತು. ತೊಲೆ, ತೊಲೆಯಲ್ಲಿ ಎರಡು ತಗ್ಗು. ಅವಳ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ. ಅವ್ವ ಹೋದ ಮೇಲೆ ಆ ಮುಖ ನಾನು ನೋಡಿರಲಿಲ್ಲ. ಏನೂ ಕೇಳದೆ ಚೀಲಕ್ಕೆ ಕೈಹಾಕಿ ಒಂದು ಹಗ್ಗದ ಸುರುಳಿ ತೆಗೆದಳು. ನಮ್ಮ ಮನೆಯ ಜೋಕಾಲಿಯದೇ. ಮನೆ ಬಿಟ್ಟುಕೊಡುವ ದಿನ ಗೂಟದಿಂದ ಇಳಿಸಿಕೊಂಡು ಒಯ್ದಿದ್ದಳಂತೆ.

ಅದು ಪೊಳ್ಳು, ಕಟ್ಟಬೇಡ ಎಂದರೆ ಮುಗಿಯುತ್ತಿತ್ತು. ಅದು ಬಿಟ್ಟು, ಮೊದಲು ಉಂಡಿ ತಿನ್ನು ಎಂದೆ, ಹಗ್ಗ ಹಳೆಯದು ಎಂದೆ, ಬಸ್ಸಿನಲ್ಲಿ ಬಂದು ಸೊಂಟ ನೋಯುತ್ತಿರಬೇಕು ಎಂದೆ. ಅವಳು ಅಷ್ಟರಲ್ಲಿ ಸ್ಟೂಲು ಹತ್ತಿ, ನಾನು ಹಟದಿಂದ ಬಿಡಿಸಿದ್ದ ನಾಲ್ಕು ಬೆರಳಿನ ಸಂದಿಯಲ್ಲಿ ಹಗ್ಗ ತೂರಿಸಿ, ತಗ್ಗಿಗೆ ಸರಿಯಾಗಿ ಕೂಡಿಸಿ, ಗಂಟು ಹಾಕಿಯಾಗಿತ್ತು. ಕೆಳಗೆ ಒಂದು ಮಣೆ ಸಿಕ್ಕಿಸಿ, ಐವತ್ತರ ಸಮೀಪದ ನನ್ನ ಅಕ್ಕ ಸೀರೆ ಸಾವರಿಸಿಕೊಂಡು ಕೂತಳು. ನಾನು ಹಿಂದೆ ನಿಂತು ತೂಗಿದಂತೆ ಮಾಡುತ್ತ, ಮಣೆಯ ಕೆಳಗೆ ಕೈಕೊಟ್ಟು ಅವಳ ಭಾರವನ್ನೆಲ್ಲ ಎತ್ತಿ ಹಿಡಿಯಲು ನೋಡುತ್ತಿದ್ದೆ. ಒಂದು ಜೀಕು ಹೋಗಿ ಬಂತು. ಎರಡನೆಯದು ಹೋಯಿತು, ವಾಪಸು ಬರಲಿಲ್ಲ.

ಸದ್ದಿಗೆ ನಿರ್ಮಲಾ ಓಡಿ ಬಂದಳು. ಅಕ್ಕ ನೆಲದ ಮೇಲೆ ಕೂತಿದ್ದಳು, ತಲೆತುಂಬ ಸುಣ್ಣ. ಪುಣ್ಯಕ್ಕೆ ತೊಲೆಯ ಏಟು ಗಾಲಿಯ ಟೀಪಾಯಿಗೆ ಬಿದ್ದಿತ್ತು. ಒಡೆದ ತೊಲೆಯ ಒಂದು ತುದಿ ಅಕ್ಕನ ಎದುರಿಗೇ ಇತ್ತು. ಅವಳು ಬಗ್ಗಿ ಅದರೊಳಗೆ ನೋಡಿದಳು. ಕೈ ಹಾಕಿ ಆಡಿಸಿ ನೋಡಿದಳು. ಒಳಗೆ ಮಾನಪ್ಪನ ಖಾಲಿ ಬೀಡಿ ಕಟ್ಟೊಂದು ಇತ್ತು. ಅವಳ ಸೊಂಟಕ್ಕೆ ಪೆಟ್ಟಾಯಿತೇ ಎಂದು ನೋಡುವುದು ಬಿಟ್ಟು ನಾನು ಅಲ್ಲೇ ಕುಸಿದು ಕೂತೆ. ಮನೆ ಮಾರಬಾರದಿತ್ತು, ನಿನ್ನ ತವರು ಕಳೆದೆ, ಅದಕ್ಕೇ ಇಷ್ಟೆಲ್ಲ ಹೊತ್ತು ತಂದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಟ್ಟೆ. ಅಕ್ಕ ಸೆರಗಿನಿಂದ ಮೊದಲು ತನ್ನ ಮುಖದ ಸುಣ್ಣ, ಆಮೇಲೆ ನನ್ನ ಮುಖ ಒರೆಸಿದಳು.

“ಮನಿ ಮಾರ್ದಿ ಅಂತ ನಾ ಬರ್ದಂಗ ಆಗಿಲ್ಲೋ ತಮ್ಮಾ. ಪಂಚ್ಮಿಗಿ ಅಕ್ಕನ್ನ ಕರೀಲಾಕ ತಮ್ಮ ಬರ್ತಾನ. ನೀ ಬರ್ಲಿಲ್ಲ. ಕಟ್ಟಿಗಿ ಕೇಳ್ಕೋತ ಊರಿಗಿ ಎಷ್ಟ್ ಸಲ ಬಂದೀ, ನಂಗ ಗೊತ್ತದ. ಟವೆಲ್ ಹಾಕ್ಕೊಂಡ್ರ ನಡಿಗಿ ಮುಚ್ತದೇನು?”

ನಿರ್ಮಲಾ ಅಕ್ಕನಿಗೆ ಅರಿಸಿನ ಹಾಲು ಕೊಟ್ಟಳು, ಉಡಿ ತುಂಬಿದಳು. ಅಕ್ಕ ಎರಡು ದಿನ ಇದ್ದು, ಎಂಟು ಉಂಡಿ ತಿಂದು, ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಹೋದಳು. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಮನೆ ಎಷ್ಟು ಖಾಲಿ ಅನ್ನಿಸಿತೆಂದರೆ, ಅಷ್ಟು ಸಾಮಾನು ಇಟ್ಟುಕೊಂಡವನಿಗೆ ಹಾಗೆ ಅನ್ನಿಸಬಾರದಿತ್ತು.

ಮರುವರ್ಷ ಪಂಚಮಿಗೆ ಎರಡು ದಿನ ಮೊದಲೇ ರಜೆ ಹಾಕಿ ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ನಡೆದು, ಅಕ್ಕನ ಬಾಗಿಲಲ್ಲಿ ನಿಂತು, ಪಂಚಮಿಗೆ ಕರೆಯಲು ಬಂದಿದ್ದೇನೆ ಅಂದೆ. ಅವಳು ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಎದುರಿಗೆ ಕೂತು ಜೋಳ ಹಸನು ಮಾಡತೊಡಗಿದಳು. ಒಂದು ತಾಸಾಯಿತು. ಬಟ್ಟೆಯ ಗಂಟು ಕಟ್ಟುವ ಲಕ್ಷಣವೇ ಇಲ್ಲ. ಬಸ್ಸಿಗೆ ಹೊತ್ತಾಗುತ್ತದಲ್ಲ ಎಂದು ಮೆಲ್ಲಗೆ ಅಂದೆ. ಅಕ್ಕ ಮೊರದಿಂದ ತಲೆ ಎತ್ತಲಿಲ್ಲ.

“ಐದು ವರ್ಷದ್ದು ಬಾಕಿ ಅದ. ಒಮ್ಮಿ ಕರದ್ರ ಎದ್ದು ಬರ್ಲಾಕ ನಾ ಏನ್ ನಿನ್ನ ಕಚೇರಿ ಪ್ಯೂನ್ ಏನು?”

ನಾನು ಲೋಟ ಕೆಳಗಿಟ್ಟು ಎದ್ದೆ. ಹೊರಗೆ ಹೋಗಿ ಬಾಗಿಲಲ್ಲಿ ನಿಂತು, ಮತ್ತೆ ಮೊದಲಿಂದ ಕರೆದೆ.