ಎರಡು ಹೋಳಿಗೆಯ ಅಪ್ಪಣೆ

ಕಾರಹುಣ್ಣಿಮೆಯ ಬೆಳಿಗ್ಗೆ ಸಂಶಿಯ ಮೈಲಾರಪ್ಪನ ಮನೆಯಲ್ಲಿ ಹೂರಣದ ವಾಸನೆ ಎದ್ದಿತ್ತು. ಸೊಸೆ ಸುನೀತಾ ಮೊದಲೇ ಹೇಳಿಬಿಟ್ಟಿದ್ದಳು: "ಮಾವಾರ, ನೀಲಾ ಸಿಸ್ಟರ್ ಹೂಂ ಅಂದ್ರಷ್ಟ ನಿಮಗ ಹೋಳಿಗಿ."

ನೀಲಾ ಊರಿನ ಆರೋಗ್ಯ ಕೇಂದ್ರದವಳು. ನರ್ಸಿಂಗ್ ಮುಗಿಸಿ, ಅದರ ಮೇಲೆ ಮತ್ತಷ್ಟು ಓದಿ ಬಂದಿದ್ದಳು. ಊರ ಮುದುಕರ ಬಿಪಿ, ಸಕ್ಕರೆ, ಗುಳಿಗೆ ಎಲ್ಲ ಅವಳ ಕೈಯಲ್ಲೇ. ಸುನೀತಾಳಿಗೆ ಅವಳ ಮಾತೆಂದರೆ ಕೋರ್ಟಿನ ತೀರ್ಪು. ಸಕ್ಕರೆ ಕಾಯಿಲೆಯಿಂದಾಗಿ ಎರಡು ವರ್ಷದಿಂದ ಹೋಳಿಗೆ ಕಾಣದ ಮೈಲಾರಪ್ಪನ ಹಬ್ಬ ಈಗ ಮಧ್ಯಾಹ್ನ ಬೆರಳಿಗೆ ಚುಚ್ಚುವ ಸೂಜಿಯ ಮೇಲೆ ನಿಂತಿತ್ತು.

ಅವನ ಸಂಕಟ ಕೇಳಿದ್ದೇ ತಡ, ಓಣಿಯವರೆಲ್ಲ ಡಾಕ್ಟರಾದರು. ಬಾಜು ಮನೆಯ ಬಸಕ್ಕ ಲೋಟದ ತುಂಬ ಹಾಗಲಕಾಯಿ ರಸ ತಂದಳು.

"ಮೂಗ ಹಿಡಕೊಂಡ ಕುಡೀರಿ ಕಾಕಾ."

ಕುಡಿದ. ಎದುರು ಮನೆಯ ಭೀಮಶಿಯೂ ಸಕ್ಕರೆ ಕಾಯಿಲೆಯವನೇ. ಕಿಸೆಯಿಂದ ತನ್ನ ಅವತ್ತಿನ ಗುಳಿಗೆ ತೆಗೆದು ಗೆಳೆಯನ ಅಂಗೈಗೆ ಇಟ್ಟ.

"ನಿಂದು ನುಂಗೀಯಲ್ಲ, ನಂದೂ ನುಂಗಲೇ. ಒಂದ ಎತ್ತಿಗಿಂತ ಎರಡ ಎತ್ತು ಛಲೋ ಜಗ್ಗತಾವು. ಹೊಟ್ಟಿಗಿ ಏನೂ ಹಾಕಬ್ಯಾಡ. ಬಸ್ ಸ್ಟ್ಯಾಂಡ್ ತನಕ ನಾಕ ಸಲ ಅಡ್ಡಾಡಿ ಬಾ."

ಮೂರನೆಯ ಸಲಕ್ಕೆ ಮೈಲಾರಪ್ಪ ಬೆವರಿ ತೊಪ್ಪೆಯಾದ. ಕೊಂಬಿಗೆ ಬಣ್ಣ ಹಚ್ಚಿ ನಿಲ್ಲಿಸಿದ್ದ ಎತ್ತಿಗೆ "ನಮಸ್ಕಾರರಿ ಗೌಡ್ರ" ಅಂದು ಅಲ್ಲೇ ಕಟ್ಟೆಯ ಮೇಲೆ ಕುಸಿದ. ಅವನ ಮನೆಗೇ ಹೊರಟಿದ್ದ ನೀಲಾ ಓಡಿ ಬಂದು ಬೆರಳು ಚುಚ್ಚಿದಳು.

"ಐವತ್ತೆರಡು! ಸಕ್ಕರಿ ಪೂರಾ ಇಳದೈತಿ," ಅಂದಳು.

"ಹಂಗಾರ ಪಾಸಾದೆ," ಅಂದ ಮೈಲಾರಪ್ಪ ತೊದಲುತ್ತ.

"ಏನೇನ್ ನುಂಗೀರಿ ಅಜ್ಜಾರ?"

ಎಲ್ಲ ಹೇಳಿದ. ನೀಲಾ ಅವನ ಬಾಯಿಗೆ ಗ್ಲುಕೋಸ್ ಹಾಕಿ, ಚೀಲದಿಂದ ಒಂದು ಕಾಗದ ತೆಗೆದಳು. "ಹೋದ ವಾರ ರಕ್ತ ತಗೊಂಡಿದ್ನಲ್ಲ, ಅದರ ರಿಪೋರ್ಟ್. ಮೂರು ತಿಂಗಳ ಸಕ್ಕರಿ ಇದರಾಗ ಗೊತ್ತಾಗತೈತಿ. ಅಗದಿ ಛಲೋ ಬಂದೈತಿ. ಎರಡು ಹೋಳಿಗಿ ತಿನ್ರಿ ಅಂತ ಹೇಳಾಕನ ಹೊಂಟಿದ್ದೆ."

ಮೈಲಾರಪ್ಪ ಮನೆಯ ಕಡೆ ಏಳಲು ನೋಡಿದ.

"ಎಲ್ಲಿಗಿ? ಡಬಲ್ ಗುಳಿಗಿ ನಾಳೆ ತನಕ ಸಕ್ಕರಿ ಇಳಿಸಕೋತ ಇರತೈತಿ. ಕುಂದಗೋಳ ದವಾಖಾನಿಗೆ ಹೋಗೂಣು ನಡೀರಿ."

ದವಾಖಾನೆಯಲ್ಲಿ ಅರ್ಧ ತಾಸಿಗೊಮ್ಮೆ ಬೆರಳಿಗೆ ಚುಚ್ಚಿ, ಬಾಯಿಗೆ ಸಿಹಿ ನೀರು ಹಾಕಿದರು. ಸಂಜೆಯ ಹೊತ್ತಿಗೆ ನಾಲಿಗೆ ಬೆಲ್ಲದಚ್ಚಿನಂತಾಗಿತ್ತು. ಅಷ್ಟರಲ್ಲಿ ಸುನೀತಾ ಡಬ್ಬಿ ಹಿಡಿದು ಬಂದಳು. ಎರಡು ಹೋಳಿಗೆ, ಮೇಲೆ ತುಪ್ಪ.

"ಈಗ ಆರಾಮ ತಿನ್ರಿ ಅಜ್ಜಾರ," ಅಂದಳು ನೀಲಾ.

ಮೈಲಾರಪ್ಪ ಡಬ್ಬಿ ನೋಡಿದ. ಮುಚ್ಚಳ ಹಾಕಿ ಆಚೆ ಸರಿಸಿದ. ಅಳುವೇ ಬಂತು.

"ಖಾರಂದು ಏನರ ತಂದೀಯೇನವಾ?"

"ಬಿಸಿ ಬಿಸಿ ಮಿರ್ಚಿ ಭಜಿ ಮಾಡಿದ್ದೆರಿ," ಅಂದಳು ಸುನೀತಾ. "ಗುಳಿಗಿ ನಿಮಗ ಕೊಟ್ಟು ಭೀಮಶಿ ಕಾಕಾರ ಸಕ್ಕರಿ ಏರೇತಂತ. ಸಿಸ್ಟರ್ ಫೋನಿನ್ಯಾಗ ಅವರಿಗೆ ಹೋಳಿಗಿ ಬ್ಯಾಡ ಅಂದಾರ. ಅದಕ್ಕ ಭಜಿ ಎಲ್ಲಾ ಅವರಿಗೇ ಕೊಟ್ಟ ಬಂದೆ."